ಭಾನುವಾರದ ಪ್ರಶ್ನೋತ್ತರ: ಮೊದಲ ಸಲ ಥೆರಪಿಗೆ ಹೋಗುವ ಮುಂಚೆ

ಅಡ್ಮಿನ್: ಇವತ್ತು 11ರಿಂದ 1 ಗಂಟೆವರೆಗೆ ನಮ್ಮ ಗುಂಪಿನವರೇ ಆದ ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ ಉತ್ತರಿಸುತ್ತಾರೆ. ಹೆಸರು ಬೇಡ, ಏರಿಯಾ ಸಾಕು. ಇಲ್ಲಿ ಕೇಳಲು ಮುಜುಗರ ಅಂದರೆ ನನಗೆ ಕಳಿಸಿ, ನಾನು ಹಾಕುತ್ತೇನೆ. ಗುಡ್ ಮಾರ್ನಿಂಗ್ ಚಿತ್ರ ಬೇಡ, ದಯವಿಟ್ಟು.

ವಿಜಯನಗರ: ನಮಸ್ತೆ ಮೇಡಂ. ನನಗೆ 29. ರಾತ್ರಿ ಎರಡಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ. ಮೀಟಿಂಗ್ ಅಂದರೆ ಎದೆ ಡವಡವ. ಒಂದೂವರೆ ತಿಂಗಳಾಯಿತು. ಥೆರಪಿಗೆ ಹೋಗುವಷ್ಟು ದೊಡ್ಡದಾ ಇದು? ಹೋದರೆ ಮೊದಲ ದಿನ ಏನು ಮಾಡುತ್ತಾರೆ?

ಮೇಡಂ: ದೊಡ್ಡದು, ಚಿಕ್ಕದು ಅಂತ ತೂಗಲು ಹೋಗಬೇಡಿ. ಎಷ್ಟು ದಿನದಿಂದ ಇದೆ, ಯಾವ ಕೆಲಸ ಕೆಡಿಸುತ್ತಿದೆ, ಇಷ್ಟು ನೋಡಿ. ಒಂದೂವರೆ ತಿಂಗಳು ನಿದ್ದೆ ಕೆಟ್ಟಿದ್ದರೆ ಹೋಗಲು ಅಷ್ಟೇ ಸಾಕು. ಅದಕ್ಕೂ ಮುಂಚೆ ಥೈರಾಯ್ಡ್ ಮತ್ತು ಬಿ12 ಒಮ್ಮೆ ಚೆಕ್ ಮಾಡಿಸಿ. ಅವು ಏರುಪೇರಾದರೂ ಮನಸ್ಸು ಕೆಡುತ್ತದೆ.

ಮೊದಲ ದಿನ ಬರೀ ಪ್ರಶ್ನೆಗಳು. ನಿದ್ದೆ, ಊಟ, ದಿನಕ್ಕೆ ಎಷ್ಟು ಲೋಟ ಕಾಫಿ, ಕುಡಿಯುತ್ತೀರಾ, ಮನೆಯಲ್ಲಿ ಯಾರ್ಯಾರಿದ್ದಾರೆ, ಮುಂಚೆ ಯಾವಾಗಲಾದರೂ ಹೀಗಾಗಿತ್ತಾ. ಸಾಯಬೇಕು ಅನ್ನಿಸಿದೆಯಾ ಅಂತಲೂ ಕೇಳುತ್ತಾರೆ. ಎಲ್ಲರಿಗೂ ಕೇಳುವುದೇ, ಗಾಬರಿ ಬೇಡ. ಸೆಷನ್ 45–50 ನಿಮಿಷ. ಸಿನಿಮಾದಲ್ಲಿ ತೋರಿಸುವ ಹಾಗೆ ಮಲಗಿಸುವುದಿಲ್ಲ, ಎದುರುಬದುರು ಕುರ್ಚಿ. "ಹೀಗೆ ಮಾಡಿ" ಅಂತ ಏನೂ ಹೇಳದೆ ಕಳಿಸಬಹುದು. "ಇಷ್ಟಕ್ಕೆ ದುಡ್ಡು ಕೊಟ್ಟೆನಾ" ಅನ್ನುವ ಮುಖ ಹೊತ್ತು ಮೆಟ್ಟಿಲಿಳಿಯುವವರನ್ನು ನಾನು ವಾರ ವಾರ ನೋಡುತ್ತೇನೆ. ಎರಡನೇ ವಾರ ಅವರೇ ಐದು ನಿಮಿಷ ಮುಂಚೆ ಬಂದು ಕೂತಿರುತ್ತಾರೆ. ಸಿಬಿಟಿ (ಯೋಚನೆ, ನಡವಳಿಕೆಯ ರೂಢಿ ಬದಲಿಸಲು ಕಲಿಸುವ ಥೆರಪಿ) ತರಹದ್ದಾದರೆ ವಾರಕ್ಕೊಂದರಂತೆ ಸುಮಾರು 12ರಿಂದ 20 ಸೆಷನ್. ನಡುವೆ ಹೋಂವರ್ಕ್ ಇರುತ್ತದೆ. ಮಾಡದೆ ಬಂದು "ಏನೂ ಪ್ರಯೋಜನ ಇಲ್ಲ" ಅನ್ನಬೇಡಿ.

ಯಲಹಂಕ: ಫೀಸ್ ಎಷ್ಟು ಮೇಡಂ?

ಮೇಡಂ: ಪ್ರೈವೇಟ್‌ನಲ್ಲಿ ಸೆಷನ್‌ಗೆ ಒಂದರಿಂದ ಮೂರು ಸಾವಿರ ಕೇಳುವವರಿದ್ದಾರೆ. ನಿಮ್ಹಾನ್ಸ್‌ನಲ್ಲಿ ಬಹಳ ಕಡಿಮೆ, ಆದರೆ ಕಾಯಬೇಕು. ಹೊಸೂರು ರಸ್ತೆಯ ಆ ಗೇಟು ದಾಟಲು ಮುಜುಗರ ಆದರೆ ಬಿಟಿಎಂ ಲೇಔಟ್‌ನಲ್ಲಿ ಅವರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಮೊದಲು ಸುಮ್ನೆ ಮಾತಾಡಿ ನೋಡಬೇಕು ಅಂದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಬಸವನಗುಡಿ: ನನಗೆ 71 ವರ್ಷ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಮನೆ ತುಂಬ ಜನ. ಬೇಜಾರಾದರೆ ಜಗಲಿ ಮೇಲೆ ಕೂತು ನಾಲ್ಕು ಮಾತಾಡಿದರೆ ಮುಗೀತಿತ್ತು. ಈಗ ಮಾತಾಡೋಕೂ ಗಂಟೆಗಿಷ್ಟು ಅಂತ ಬಾಡಿಗೆ.

ಮಾರತ್ತಹಳ್ಳಿ: ಅಂಕಲ್, ಜಗಲಿ ಮೇಲೆ ಹೇಳಿದ್ದು ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗ್ತಿತ್ತು. ನಮ್ಮ ಅತ್ತೆಯೊಬ್ಬರು ಹಾಗೆ ಹೇಳಿಕೊಂಡು, ಸಾಯುವವರೆಗೂ "ಅಳುಬುರುಕಿ" ಅನ್ನಿಸಿಕೊಂಡರು.

ಬಸವನಗುಡಿ: ನಾನು ನಿಮ್ಮ ಅತ್ತೆ ಬಗ್ಗೆ ಹೇಳಲಿಲ್ಲಮ್ಮ.

ರಾಜಾಜಿನಗರ: ಇದು ಎಲ್ಲರಿಗೂ ಉಪಯೋಗ ಆಗಲಿ 🙏 ಫಾರ್ವರ್ಡ್: "ಏಳೇ ದಿನದಲ್ಲಿ ಡಿಪ್ರೆಶನ್ ಮಾಯ! ಅಶ್ವಗಂಧ, ಜಟಾಮಾಂಸಿ ಕಷಾಯ ದಿನಕ್ಕೆರಡು ಲೋಟ. ಇಂಗ್ಲಿಷ್ ಮಾತ್ರೆಗಳನ್ನು ಇಂದೇ ಬಿಸಾಕಿ!!"

ಮೇಡಂ: ದಯವಿಟ್ಟು ಡಿಲೀಟ್ ಮಾಡಿ.

ರಾಜಾಜಿನಗರ: ಆಯುರ್ವೇದ ಅಂದ ತಕ್ಷಣ ಯಾಕೆ ಮೇಡಂ ಕೋಪ?

ಅಡ್ಮಿನ್: ಬನಶಂಕರಿಯಿಂದ ಒಬ್ಬರು ಕಳಿಸಿದ್ದು: "ಥೆರಪಿಗೆ ಹೋಗಿ ಮೂರು ವಾರ, ಮೂರು ಸೆಷನ್ ಆಯಿತು. ಅಳು ಜಾಸ್ತಿ ಆಗಿದೆ. ಒಂದು ವಾರದಿಂದ ತಲೆ ತಿರುಗಿಸಿದರೆ ಒಳಗೆ ಕರೆಂಟ್ ಹೊಡೆದ ಹಾಗೆ ಜುಮ್ ಅನ್ನುತ್ತದೆ. ಎದೆ ಹಾರುತ್ತದೆ. ಥೆರಪಿಯಿಂದಲೇ ಹೀಗಾಯ್ತು, ಬಿಡು ಅಂತ ಯಜಮಾನರು. ಬಿಡಲಾ? ಅಂದ ಹಾಗೆ, ನಾಲ್ಕು ತಿಂಗಳಿಂದ ಎಸ್ಸಿಟಾಲೊಪ್ರಾಮ್ ಅಂತ ಖಿನ್ನತೆ, ಆತಂಕಕ್ಕೆ ಕೊಡುವ ಮಾತ್ರೆ ತಗೋತಿದ್ದೆ. ಹೋದ ತಿಂಗಳು ಇದೇ ಗುಂಪಿನಲ್ಲಿ ಬಂದ ಅಶ್ವಗಂಧದ ಕಷಾಯ ಶುರು ಮಾಡಿ, ಒಂಬತ್ತು ದಿನದ ಹಿಂದೆ ಮಾತ್ರೆ ನಿಲ್ಲಿಸಿದೆ. ಥೈರಾಯ್ಡ್ ಮಾತ್ರೆ ಮುಂದುವರಿಸಿದ್ದೇನೆ. ಥೆರಪಿಸ್ಟ್‌ಗೆ ಹೇಳಿಲ್ಲ, ಬೈತಾರೆ ಅಂತ ಭಯ."

ಮೇಡಂ: ಮಿಕ್ಕವರು ಸ್ವಲ್ಪ ಕಾಯಿರಿ. ಇದನ್ನು ಮೂರು ಸಲ ಓದಿದೆ.

ಬನಶಂಕರಿಯವರೇ, ನೀವು ಕೇಳಿದ್ದು ಥೆರಪಿ ಬಗ್ಗೆ. ನನ್ನ ಕಣ್ಣು ನಿಂತದ್ದು ನಿಮ್ಮ "ಅಂದ ಹಾಗೆ" ಮೇಲೆ. ಥೆರಪಿ ಶುರುವಾದ ಹೊಸದರಲ್ಲಿ ಅಳು ಹೆಚ್ಚುವುದುಂಟು. ಅಟ್ಟದ ಮೇಲಿನ ಹಳೇ ಟ್ರಂಕು ಇಳಿಸಿದರೆ ಧೂಳು ಏಳುತ್ತದಲ್ಲ, ಹಾಗೆ. ಆದರೆ ತಲೆಯೊಳಗೆ ಕರೆಂಟ್ ಹೊಡೆಯುವುದು ಮಾತಾಡಿದ್ದರಿಂದ ಬರುವುದಲ್ಲ. ಈ ತರಹದ ಮಾತ್ರೆಯನ್ನು ತಿಂಗಳುಗಟ್ಟಲೆ ತಗೊಂಡು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ತಲೆಸುತ್ತು, ಈ ಜುಮ್ ಅನ್ನುವುದು, ಕೆಟ್ಟ ಕನಸು, ಸಿಡುಕು, ಸುಮ್ಮಸುಮ್ಮನೆ ಅಳು ಬರಬಹುದು. ನಿಮ್ಮದೇ ಲೆಕ್ಕ ನೋಡಿ. ಥೆರಪಿಗೆ ಮೂರು ವಾರ. ಮಾತ್ರೆ ಬಿಟ್ಟು ಒಂಬತ್ತು ದಿನ. ಕರೆಂಟ್ ಶುರುವಾಗಿ ಒಂದು ವಾರ. ಬೈಸಿಕೊಂಡದ್ದು ಮಾತ್ರ ಥೆರಪಿ.

ಎದೆ ಹಾರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನು ಹೆಚ್ಚಿಸುತ್ತದೆ. ನೀವು ಅದೇ ಹಾರ್ಮೋನಿನ ಮಾತ್ರೆಯನ್ನೂ ನುಂಗುತ್ತಿದ್ದೀರಿ.

ನಾನು ಸೈಕಾಲಜಿಸ್ಟ್. ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್. ಹಾಗಾಗಿ ಮತ್ತೆ ಶುರು ಮಾಡಿ ಅಂತಲೋ ಎಷ್ಟು ಅಂತಲೋ ನಾನು ಹೇಳುವ ಹಾಗಿಲ್ಲ. ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಕಷಾಯ ಈಗಲೇ ನಿಲ್ಲಿಸಿ. ಥೈರಾಯ್ಡ್ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಸಾಯುವ ಯೋಚನೆ ಸುಳಿದರೆ ನಾಳೆಗೆ ಕಾಯದೆ ಹತ್ತಿರದ ಎಮರ್ಜೆನ್ಸಿಗೆ ಹೋಗಿ.

ಥೆರಪಿ ಬಿಡಬೇಡಿ. ಮುಂದಿನ ಸೆಷನ್‌ನಲ್ಲಿ ಕೂತ ತಕ್ಷಣ ಹೇಳಿ: "ಮಾತ್ರೆ ಬಿಟ್ಟೆ, ನೀವು ಬೈಯುತ್ತೀರಿ ಅಂತ ಮುಚ್ಚಿಟ್ಟೆ." ದುಡ್ಡು ಕೊಟ್ಟು ಮಾತಾಡಲು ಹೋದ ಜಾಗದಲ್ಲೂ ಬೈಸಿಕೊಳ್ಳುವ ಭಯ ಇದೆ ಅಂದರೆ ಅದು ಇನ್ನೂ ಎಲ್ಲೆಲ್ಲಿ ಇದೆಯೋ. ಅವರಿಗೆ ನಿಮ್ಮನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಎಳೆ ಸಿಗಲಿಕ್ಕಿಲ್ಲ. ನಿಜವಾಗಿ ಬೈದರೆ ಬೇರೆಯವರನ್ನು ಹುಡುಕೋಣ.

ರಾಜಾಜಿನಗರದವರೇ, ನನ್ನ ಕೋಪ ಆಯುರ್ವೇದದ ಮೇಲಲ್ಲ. ನನ್ನ ಮನೆಯಲ್ಲೂ ಒಂದೆಲಗದ ತಂಬುಳಿ ಮಾಡುತ್ತೇವೆ. "ಮಾತ್ರೆ ಬಿಸಾಕಿ" ಅನ್ನುವ ಆ ಒಂದು ಸಾಲು ಇದೆಯಲ್ಲ, ಅದರ ಮೇಲೆ.

ರಾಜಾಜಿನಗರ: ನಾನು ಬರೆದಿದ್ದಲ್ಲ, ಬಂದಿದ್ದನ್ನು ಕಳಿಸಿದೆ ಅಷ್ಟೇ.

ಮಾರತ್ತಹಳ್ಳಿ: ಎಲ್ಲರೂ ಹೇಳೋದು ಅದನ್ನೇ.

ಕೆಂಗೇರಿ: ಮೇಡಂ ಒಂದು ಸೆಷನ್‌ಗೆ ಎಷ್ಟಾಗಬಹುದು?

ಮೇಡಂ: ಮೇಲಿದೆ.

ಎಚ್‌ಎಸ್‌ಆರ್: ಹೇಳಿದ್ದು ಆಫೀಸಿಗೆ, ಅಪ್ಪ ಅಮ್ಮನಿಗೆ ಗೊತ್ತಾಗುತ್ತಾ?

ಮೇಡಂ: ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಗೋಪ್ಯತೆ ನಿಮ್ಮ ಹಕ್ಕು. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ, ಕೋರ್ಟ್ ಆದೇಶ, ಇಂಥ ಕಡೆ ಮಾತ್ರ ಬಾಯಿ ಬಿಡಬೇಕಾಗುತ್ತದೆ. ಮೊದಲ ದಿನವೇ ಇದನ್ನು ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆಯನ್ನೂ ಕೇಳಿ. ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರು ಇದ್ದಾರೆ.

ಹೆಬ್ಬಾಳ: ಆನ್‌ಲೈನ್ ಥೆರಪಿಗೆ ಯಾವ ಆ್ಯಪ್ ಒಳ್ಳೇದು?

ಮಲ್ಲೇಶ್ವರಂ: ಕನ್ನಡದಲ್ಲಿ ಮಾತಾಡುವ ಥೆರಪಿಸ್ಟ್ ಬೇಕು. ಒಬ್ಬರ ಹತ್ತಿರ ಹೋಗಿದ್ದೆ, ಪೂರ್ತಿ ಇಂಗ್ಲಿಷ್. "ಬೇಜಾರು" ಅನ್ನುವುದನ್ನು ಇಂಗ್ಲಿಷಿನಲ್ಲಿ ಏನಂತ ಹೇಳಲಿ? ಬೋರಾ, ಸ್ಯಾಡಾ, ಹರ್ಟಾ? ಒಂದಕ್ಕೆ ಒಂದು ಹೊಂದಲ್ಲ.

ವೈಟ್‌ಫೀಲ್ಡ್: ಭಾಷೆ ಮುಖ್ಯ ಅಲ್ಲ, ಕ್ವಾಲಿಫಿಕೇಶನ್ ಮುಖ್ಯ.

ಮಲ್ಲೇಶ್ವರಂ: ನಿಮಗೆ ಅಳು ಯಾವ ಭಾಷೆಯಲ್ಲಿ ಬರುತ್ತೆ ಸ್ವಾಮಿ?

ವೈಟ್‌ಫೀಲ್ಡ್: ಎಲ್ಲದಕ್ಕೂ ಕನ್ನಡ ತರಬೇಡಿ.

ಬಸವನಗುಡಿ: ಬೆಂಗಳೂರಲ್ಲಿ ಕನ್ನಡ ತರದೆ ಇನ್ನೇನು ತರಬೇಕು?

ಅಡ್ಮಿನ್: ಸಾಕು. ಇನ್ನೊಂದು ಮೆಸೇಜ್ ಬಂದರೆ ಗುಂಪು ಲಾಕ್ ಮಾಡುತ್ತೇನೆ.

ಮೇಡಂ: ಮಲ್ಲೇಶ್ವರಂನವರು ಹೇಳಿದ್ದು ಸರಿ. ನಾನೂ ಆ ಪದ ಬಂದ ಕೂಡಲೇ "ಯಾವ ಬೇಜಾರು?" ಅಂತ ಕೇಳುತ್ತೇನೆ. ಅರ್ಧ ಸೆಷನ್ ಅದರಲ್ಲೇ ಹೋಗುತ್ತದೆ. ಬುಕ್ ಮಾಡುವಾಗಲೇ ಭಾಷೆ ಕೇಳಿಕೊಳ್ಳಿ.

ನಾಗರಬಾವಿ: ಮೇಡಂ, ನನ್ನ ಮಗ ಮಾತೇ ಆಡಲ್ಲ, ಅವನಿಗೆ ಗೊತ್ತಾಗದ ಹಾಗೆ ಥೆರಪಿ ಕೊಡಿಸಬಹುದಾ?

ಮೇಡಂ: ಇಲ್ಲ. ಮೋಸ ಮಾಡಿ ಕರೆದುಕೊಂಡು ಬಂದರೆ ಎರಡನೇ ಸಲ ಬರುವುದಿಲ್ಲ.

ಪೀಣ್ಯ: ಫೀಸ್?

ರಾಜಾಜಿನಗರ: ಮೇಡಂ, ಜಟಾಮಾಂಸಿ ಒಂದೇ ತಗೋಬಹುದಲ್ವಾ?

ಮೇಡಂ: ಗಂಟೆ 1:20. ನನ್ನ ಊಟ ಆರಿಹೋಯಿತು. ಬನಶಂಕರಿಯವರು ಫೋನ್ ಮಾಡಿದರಾ? ಅದೊಂದು ಗೊತ್ತಾದರೆ ಹೊರಡುತ್ತೇನೆ.

ಅಡ್ಮಿನ್: ಈಗ ಬಂತು: "ಡಾಕ್ಟರ್ ಸಿಕ್ಕರು. ಸಂಜೆ ಐದಕ್ಕೆ ಬರಲು ಹೇಳಿದ್ದಾರೆ. ಯಜಮಾನರೂ ಬರ್ತಿದ್ದಾರೆ. ಕಷಾಯ ಸಿಂಕಿಗೆ ಸುರಿದೆ, ಅತ್ತೆ ಮುಖ ಊದಿಸಿಕೊಂಡಿದ್ದಾರೆ."

ಮೇಡಂ: ಒಳ್ಳೆಯದು. ಪುಡಿಯ ಪೊಟ್ಟಣ ಇದ್ದರೆ ಬಿಸಾಡಬೇಡಿ, ಡಾಕ್ಟರಿಗೆ ತೋರಿಸಿ.