ಗರ್ಭಿಣಿಗೆ ತಿಂಗಳುವಾರು ಹಾಲು-ಬೆಣ್ಣೆ-ತುಪ್ಪದ ಪಥ್ಯ: ಈ ಚಾರ್ಟ್ ಎಷ್ಟು ಸರಿ?

ಮಳೆಬಿಲ್ಲು_ಜಯನಗರ:

ಅತ್ತೆಯವರ ವಾಟ್ಸಾಪ್‌ಗೆ "ಚರಕರು ಹೇಳಿದ ಒಂಬತ್ತು ತಿಂಗಳ ಪಥ್ಯ" ಅಂತ ಒಂದು ಚಾರ್ಟ್ ಬಂದಿದೆ. ಅದರಲ್ಲಿ ಇರೋದು ಹೀಗೆ:

1ನೇ ತಿಂಗಳು – ಕಾಯಿಸದ ತಣ್ಣನೆ ಹಾಲು
2 – ಅತಿಮಧುರದ ಪುಡಿ ಹಾಕಿದ ಹಾಲು
3 – ಬಿಸಿ ಹಾಲಿಗೆ ಜೇನುತುಪ್ಪ, ತುಪ್ಪ ಸಮಸಮ
4 – ಹಾಲಿನ ಜೊತೆ "ಒಂದು ಅಕ್ಷ" ಬೆಣ್ಣೆ
5ರಿಂದ 7 – ಹಾಲಿನ ತುಪ್ಪ
8 – ತುಪ್ಪ ಹಾಕಿದ ಹಾಲುಗಂಜಿ
9 – ಎಣ್ಣೆ ಬಸ್ತಿ (ಗುದದ್ವಾರದಿಂದ ಎಣ್ಣೆ ಹಾಯಿಸೋದು)

ನನಗೀಗ 9ನೇ ವಾರ. ಬೆಳಗ್ಗೆ ಹಾಲಿನ ವಾಸನೆಗೇ ವಾಕರಿಕೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಸದ್ಯಕ್ಕೆ ಡಾಕ್ಟರ್ ಕೊಟ್ಟಿರೋದು ಫೋಲಿಕ್ ಆಸಿಡ್ ಮಾತ್ರ. ನಾಲ್ಕನೇ ತಿಂಗಳಿಂದ ಐರನ್, ಕ್ಯಾಲ್ಸಿಯಂ ಅಂದಿದ್ದಾರೆ. ಚಾರ್ಟ್‌ನಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು? "ಒಂದು ಅಕ್ಷ" ಅಂದ್ರೆ ಎಷ್ಟು? ಅಂಗಡಿ ತುಪ್ಪವೇ "ಹಾಲಿನ ತುಪ್ಪ"ನಾ?

——

ಪ್ರಸೂತಿತಂತ್ರ_ವೈದ್ಯೆ:

ಚಾರ್ಟ್‌ನ ಎಲುಬುಗೂಡು ಸರಿಯೇ ಇದೆ. ಚರಕಸಂಹಿತೆಯ ಶಾರೀರಸ್ಥಾನ, 8ನೇ ಅಧ್ಯಾಯದ ಕ್ರಮ ಅದು. ಯಾರೋ ಅದನ್ನು ಕನ್ನಡಕ್ಕೆ ತರುವಾಗ ಮೊದಲ ಮೂರೂ ತಿಂಗಳನ್ನು ಕೆಡಿಸಿದ್ದಾರೆ.

ಮೊದಲನೆಯದು ಹಾಲು. ಮೂಲದಲ್ಲಿರುವ ಮಾತಿನ ಅರ್ಥ "ಔಷಧ ಸೇರಿಸಿ ಸಂಸ್ಕಾರ ಮಾಡದ ಹಾಲು". ಹಸಿ ಹಾಲು ಅಂತಲ್ಲ. ಕಾಯಿಸಿ ಆರಿಸಿದ ಹಾಲನ್ನು, ಹೊತ್ತು ಹೊತ್ತಿಗೆ, ಮಿತವಾಗಿ ಕುಡಿಯಬೇಕು, ಬೆಳಗ್ಗೆ ಸಂಜೆ ಒಗ್ಗಿದ ಊಟ ಮಾಡಬೇಕು, ಅಷ್ಟೇ. ಕಾಯಿಸದ ಹಾಲಿನಿಂದ ಬ್ರುಸೆಲ್ಲಾ, ಲಿಸ್ಟೀರಿಯಾ ಅನ್ನೋ ರೋಗಾಣುಗಳು ಬರಬಹುದು. ಬಸುರಿಯಲ್ಲಿ ಲಿಸ್ಟೀರಿಯಾ ಅಂದ್ರೆ ಗರ್ಭಕ್ಕೇ ಕುತ್ತು. ಲೋಟಕ್ಕೆ ಇಷ್ಟು ಅಂತ ಗ್ರಂಥ ಹೇಳಿಲ್ಲ, ಅರಗುವಷ್ಟು ಅನ್ನೋದೇ ಅಳತೆ.

ಎರಡನೆಯದು ಅತಿಮಧುರ. "ಮಧುರ ಔಷಧ" ಅಂದ್ರೆ ಸಿಹಿ ಪದಾರ್ಥವಲ್ಲ, ಜೀವಂತಿ, ಮುದ್ಗಪರ್ಣಿ, ಮಾಷಪರ್ಣಿ, ಕಾಕೋಲಿ ಇತ್ಯಾದಿ ಹತ್ತು ಮೂಲಿಕೆಗಳ ಜೀವನೀಯ ಗಣ. ಅತಿಮಧುರವೂ ಅದರಲ್ಲಿದೆ, ನಿಜ. ಉಳಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಗಡಿಯಲ್ಲಿ ಅಸಲಿ ಸಿಗೋದೇ ಕಷ್ಟ, ಹಾಗಾಗಿ ಸುಲಭವಾಗಿ ಸಿಗುವ ಇದೊಂದನ್ನೇ ಚಾರ್ಟ್ ಹಿಡಿದುಕೊಂಡಿದೆ. ಆದರೆ ಇದರಲ್ಲಿರುವ ಗ್ಲಿಸಿರೈಜಿನ್ ರಕ್ತದೊತ್ತಡ ಏರಿಸುತ್ತೆ, ಪೊಟ್ಯಾಸಿಯಂ ಇಳಿಸುತ್ತೆ. ಗರ್ಭಿಣಿಯರು ಇದನ್ನು ಹೆಚ್ಚು ತಿನ್ನಬಾರದು ಅಂತ ಫಿನ್‌ಲೆಂಡ್‌ನ ಆಹಾರ ಇಲಾಖೆಯೇ ಹೇಳುತ್ತೆ. ದಿನಾ ಚಮಚಗಟ್ಟಲೆ ಪುಡಿ ಬೇಡ. ಬರೀ ಹಾಲು ಸಾಕು.

ಮೂರನೆಯದು ಜೇನು. ಜೇನು-ತುಪ್ಪ ಸಮತೂಕದಲ್ಲಿ ಕೂಡಿದರೆ ಆಯುರ್ವೇದದ ಪ್ರಕಾರ ವಿರುದ್ಧಾಹಾರ (ಒಟ್ಟಿಗೆ ತಿನ್ನಬಾರದ ಜೋಡಿ). ಜೇನು ಬಿಸಿಗೆ ಸೇರಿದರೂ ದೋಷ. ಒಂದೇ ಸಾಲಿನಲ್ಲಿ ಎರಡು ತಪ್ಪು! ಹಾಲು ಉಗುರುಬೆಚ್ಚಗಾದ ಮೇಲೆ 1 ಚಮಚ ತುಪ್ಪ ಹಾಕಿ, ಜೇನು ಅರ್ಧ ಚಮಚ ಮೀರದಿರಲಿ. ಚಮಚದ ಲೆಕ್ಕದಲ್ಲೂ ಎಚ್ಚರ ಬೇಕು. ಜೇನು ತುಪ್ಪಕ್ಕಿಂತ ಸುಮಾರು ಒಂದೂವರೆ ಪಟ್ಟು ತೂಕ, ಹಾಗಾಗಿ ಕಣ್ಣಳತೆಯಲ್ಲಿ ಜೇನು ಕಡಿಮೆ ಕಂಡರೂ ತೂಕದಲ್ಲಿ ಸಮವಾಗಿಬಿಡಬಹುದು. ಸಕ್ಕರೆಯ ಭಯ ಇರುವ ನಿಮಗೆ ಜೇನು ಬಿಟ್ಟರೂ ನಷ್ಟವಿಲ್ಲ.

ಒಂದು ಅಕ್ಷ ಅಂದ್ರೆ ಹಳೆಯ ತೂಕದ ಅಳತೆಯಲ್ಲಿ ಒಂದು ಕರ್ಷ, ಈಗಿನ ಲೆಕ್ಕದಲ್ಲಿ 12 ಗ್ರಾಂ. ಟೇಬಲ್ ಚಮಚಕ್ಕೆ ಸ್ವಲ್ಪ ಕಡಿಮೆ. ಇಡೀ ದಿನಕ್ಕೆ ಅಷ್ಟು, ಪ್ರತಿ ಊಟಕ್ಕಲ್ಲ. ಉಪ್ಪಿಲ್ಲದ ಬೆಣ್ಣೆ ಆಗಬೇಕು.

ವಾಕರಿಕೆ ಇರುವಾಗ ಹಾಲು ಒತ್ತಾಯ ಮಾಡಬೇಡಿ. ಭತ್ತದ ಅರಳು ಒಂದು ಹಿಡಿ, ಎರಡು ಲೋಟ ನೀರು, ಐದಾರು ನಿಮಿಷ ಕುದಿಸಿ ಸೋಸಿ, ಚಿಟಿಕೆ ಸೈಂಧವ ಲವಣ ಹಾಕಿ. ಒಟ್ಟಿಗೆ ಕುಡಿದರೆ ಒಟ್ಟಿಗೇ ಹೊರಗೆ ಬರುತ್ತೆ, ಅರ್ಧ ಗಂಟೆಗೊಮ್ಮೆ ಮೂರ್ನಾಲ್ಕು ಚಮಚ ಸಾಕು. ಶುಂಠಿಪುಡಿ ಇಡೀ ದಿನಕ್ಕೆ 1 ಗ್ರಾಂ (ಸುಮಾರು ಅರ್ಧ ಟೀ ಚಮಚ) ದಾಟದಿರಲಿ. ಇಡೀ ದಿನ ನೀರೂ ನಿಲ್ಲದೆ, ಮೂತ್ರ ಕಡು ಹಳದಿಯಾದರೆ ಅದಕ್ಕೆ ಅರಳಿನ ಗಂಜಿ ಮದ್ದಲ್ಲ, ಡ್ರಿಪ್ ಬೇಕು.

——

ತಟ್ಟೆಲೆಕ್ಕ (ಡಯಟಿಷಿಯನ್):

ವೈದ್ಯೆ ಹೇಳಿದ್ದಕ್ಕೆ ಮಾತ್ರೆಯ ಲೆಕ್ಕ ಸೇರಿಸ್ತೀನಿ, ಯಾಕಂದ್ರೆ ಈ ಪಥ್ಯ ಎಡವೋದು ಅಲ್ಲೇ. ಹಾಲನ್ನೇ ನಡುವಿಟ್ಟ ಪದ್ಧತಿ ಇದು. ಐರನ್‌ಗೂ ಹಾಲಿಗೂ ಆಗಿಬರಲ್ಲ. ಹಾಲಿನ ಕ್ಯಾಲ್ಸಿಯಂ, ಕೇಸಿನ್ ಅನ್ನೋ ಪ್ರೋಟೀನ್ ಎರಡೂ ಕಬ್ಬಿಣ ಹೀರೋದನ್ನು ತಡೆಯುತ್ತವೆ. "ಮಾತ್ರೆ ಉಷ್ಣ, ಹಾಲಿನ ಜೊತೆ ನುಂಗು" ಅನ್ನೋ ಮನೆಗಳಲ್ಲಿ ತಪ್ಪದೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಅಂದುಕೊಂಡಷ್ಟು ಏರದೇ ಇರಬಹುದು.

ಸರ್ಕಾರಿ ಕ್ರಮದಲ್ಲಿ ನಾಲ್ಕನೇ ತಿಂಗಳಿಂದ ದಿನಕ್ಕೊಂದು ಐರನ್ ಮಾತ್ರೆ (60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್), ಕನಿಷ್ಠ 180 ದಿನ. ಕ್ಯಾಲ್ಸಿಯಂ 500 ಮಿ.ಗ್ರಾಂ, ದಿನಕ್ಕೆ ಎರಡು. ಹೀಗೆ ಹೊಂದಿಸಿ:

ಬೆಳಗ್ಗೆ 7ಕ್ಕೆ ಹಾಲು. ತಿಂಡಿಯಾಗಿ ಒಂದು ಗಂಟೆ ಬಿಟ್ಟು, ಹತ್ತು-ಹತ್ತೂವರೆಗೆ ಐರನ್, ಜೊತೆಗೆ ಸಕ್ಕರೆ ಹಾಕದ ನಿಂಬೆ ಪಾನಕ ಅಥವಾ ಒಂದು ನೆಲ್ಲಿಕಾಯಿ. ಆಚೀಚೆ ಒಂದೊಂದು ಗಂಟೆ ಕಾಫಿ-ಟೀ ಇಲ್ಲ. ಮಧ್ಯಾಹ್ನದ ಊಟಕ್ಕೆ ಒಂದು ಕ್ಯಾಲ್ಸಿಯಂ, ರಾತ್ರಿ ಊಟಕ್ಕೆ ಇನ್ನೊಂದು. ಐರನ್-ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಕಡ್ಡಾಯ. ಮಲಗುವ ಮುಂಚೆ ಇನ್ನೊಂದು ಲೋಟ ಹಾಲು.

ಬೆಣ್ಣೆ 12 ಗ್ರಾಂ ಅಂದ್ರೆ ಸುಮಾರು 85 ಕ್ಯಾಲೊರಿ. ಗರ್ಭಿಣಿಗೆ ದಿನಕ್ಕೆ ಹೆಚ್ಚಿಗೆ ಬೇಕಾದದ್ದು 350 ಕ್ಯಾಲೊರಿ ಅನ್ನುತ್ತೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ). ಅಂದ್ರೆ ಅಕ್ಷದ ಅಳತೆ ಇವತ್ತಿಗೂ ನ್ಯಾಯವಾಗೇ ಇದೆ. ಅನ್ಯಾಯ ಆಗೋದು ಅದರ ಮೇಲೆ ದೋಸೆಗೆ ತುಪ್ಪ, ಅನ್ನಕ್ಕೆ ತುಪ್ಪ, ಅಂಟಿನುಂಡೆ ಎಲ್ಲ ಸೇರಿದಾಗ. ಇನ್ನೊಂದು ಕೊರತೆ ಪ್ರೋಟೀನ್. ಆರು ತಿಂಗಳ ನಂತರ ದಿನಕ್ಕೆ 22 ಗ್ರಾಂ ಹೆಚ್ಚಿಗೆ ಬೇಕು, ತುಪ್ಪದಲ್ಲಿ ಅದು ಸೊನ್ನೆ. ಹೆಸರುಬೇಳೆ ತೊವ್ವೆ, ಮೊಳಕೆ ಹುರುಳಿಕಾಳಿನ ಸಾರು, ತಿನ್ನುವವರಿಗೆ ಮೊಟ್ಟೆ.

ಅಮ್ಮನಿಗೆ ಸಕ್ಕರೆ ಇದೆ ಅಂದಿದ್ದೀರಿ. 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆಗೆ ರಕ್ತ ಕೊಡುವ ಪರೀಕ್ಷೆಯನ್ನು ಈಗಲೇ ಒಮ್ಮೆ, ಮತ್ತೆ 24–28 ವಾರದೊಳಗೆ ಒಮ್ಮೆ ಮಾಡಿಸಿ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹಾಲಿಗೆ ಬೆಲ್ಲ, ಕಲ್ಲುಸಕ್ಕರೆ, ಬಾದಾಮಿ ಪುಡಿಯ ಡಬ್ಬ ಎಲ್ಲ ಬಂದ್.

——

ಪ್ರಸೂತಿತಂತ್ರ_ವೈದ್ಯೆ:

@ತಟ್ಟೆಲೆಕ್ಕ ಇದಕ್ಕೆ ಚರಕರ ಸಾಕ್ಷಿಯೂ ಇದೆ. ಗರ್ಭಿಣಿ ಸದಾ ಸಿಹಿಯನ್ನೇ ತಿಂದರೆ ಮಗುವಿಗೆ ಪ್ರಮೇಹ (ಸಕ್ಕರೆ ಕಾಯಿಲೆಯೂ ಸೇರಿದ ಮೂತ್ರರೋಗಗಳು) ಅಥವಾ ಅತಿ ದಪ್ಪ ಬರುತ್ತೆ ಅಂತ ಅದೇ ಅಧ್ಯಾಯದಲ್ಲಿ ಹೇಳಿದೆ. ಸೀಮಂತದ ಚಿಗಳಿ, ತಂಬಿಟ್ಟು ತಿನ್ನಿಸುವವರಿಗೆ ಇದನ್ನೂ ಓದಿ ಹೇಳಬಹುದು.

——

ಕೆನೆಗಡಿಗೆ:

"ಹಾಲಿನ ತುಪ್ಪ" ಬಗ್ಗೆ ಮಾತ್ರ ಹೇಳ್ತೀನಿ. ಅದು ಕ್ಷೀರಸರ್ಪಿ. ಮೊಸರು ಕಡೆದು ತೆಗೆದದ್ದಲ್ಲ, ಹೆಪ್ಪು ಹಾಕದೆ ಕೆನೆಯಿಂದ ನೇರ ತೆಗೆದದ್ದು.

ಹಾಲು 6% ಕೊಬ್ಬಿನದ್ದು ಇರಲಿ. ಪ್ಯಾಕೆಟ್ ಮೇಲೆ "ಹೋಮೊಜಿನೈಸ್ಡ್" ಅಂತಿದ್ದರೆ ಬೇಡ, ಅದರಲ್ಲಿ ಕೊಬ್ಬಿನ ಕಣಗಳನ್ನು ಒಡೆದು ನುಣ್ಣಗೆ ಮಾಡಿರ್ತಾರೆ, ಕೆನೆ ಕಟ್ಟೋದೇ ಇಲ್ಲ. ಹಾಲು ಕಾಯಿಸಿ, ಮುಚ್ಚದೆ ಆರಿಸಿ, ಆಮೇಲೆ ಮುಚ್ಚಿ ಫ್ರಿಜ್ಜಲ್ಲಿ ಒಂದು ರಾತ್ರಿ. ಬೆಳಗ್ಗೆ ಕೆನೆ ಎತ್ತಿಡಿ. ಮೂರು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ, ತಾನಾಗೇ ಹುಳಿಯಾದರೆ ಅದು ಮತ್ತೆ ಮೊಸರಿನ ತುಪ್ಪವೇ ಆಯ್ತು.

ಕಡೆಯುವಾಗ ಕೆನೆ ತಣ್ಣಗಿರಲಿ, ಎರಡು ಮೂರು ಐಸ್ ತುಂಡು ಹಾಕಿ. ಬೆಚ್ಚಗಿದ್ದರೆ ಬೆಣ್ಣೆ ಮುದ್ದೆಯಾಗದೆ ಜಿಡ್ಡು ಜಿಡ್ಡಾಗಿ ಪಾತ್ರೆಗೇ ಮೆತ್ತಿಕೊಳ್ಳುತ್ತೆ. ಹುಳಿ ಕೆನೆಗಿಂತ ಸಿಹಿ ಕೆನೆಗೆ ಹೊತ್ತು ಜಾಸ್ತಿ, "ಬರ್ತಿಲ್ಲ" ಅಂತ ನಡುವೆ ಬಿಸಿನೀರು ಹಾಕಬೇಡಿ. ಬಂದ ಬೆಣ್ಣೆಯನ್ನು ತಣ್ಣೀರಲ್ಲಿ ಎರಡು ಸಲ ತೊಳೆದು, ನೀರು ಹಿಂಡಿ, ಸಣ್ಣ ಉರಿಯಲ್ಲಿ ಕಾಯಿಸಿ. ಚಟಪಟ ಸದ್ದು ನಿಂತು, ತಳದ ಗಸಿ ತಿಳಿ ಕಂದು ಆದಾಗ ಇಳಿಸಿ ಸೋಸಿ. ನಾಲ್ಕನೇ ತಿಂಗಳಿಗೆ ಬೆಣ್ಣೆಯಾಗೇ ಬೇಕಿದ್ದರೆ ಕಾಯಿಸಿದ ಹಾಲಿನ ಕೆನೆಯದ್ದೇ ಆಗಬೇಕು, ಫ್ರಿಜ್ಜಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಇಷ್ಟೆಲ್ಲ ಆಗದಿದ್ದರೆ ಮನೆಯ ಮಾಮೂಲಿ ತುಪ್ಪ ತಿನ್ನಿ. ಮನೆಯಲ್ಲಿ ಯಾರೂ ಮುನಿಸಿಕೊಳ್ಳಬೇಕಾಗಿಲ್ಲ.

——

ಮಳೆಬಿಲ್ಲು_ಜಯನಗರ:

ತುಂಬಾ ಉಪಕಾರ. ಇನ್ನು ಮೂರು ವಿಷಯ: (1) ಹಾಲು ಕೊನೆಗೂ ಸೇರದೇ ಹೋದರೆ? (2) ಗ್ರಂದಿಗೆ ಅಂಗಡಿಯವರು "ಗರ್ಭಪಾಲ ರಸ" ತಗೊಳ್ಳಿ, ಗರ್ಭ ನಿಲ್ಲುತ್ತೆ ಅಂದರು. (3) ಪರಂಗಿಹಣ್ಣು, ಅಂಗಾತ ಮಲಗೋದು, ಕುಕ್ಕರಗಾಲಲ್ಲಿ ಕೂರೋದು, ಇವೆಲ್ಲ ಆಯುರ್ವೇದದಲ್ಲಿ ನಿಷಿದ್ಧವಾ?

——

ಪ್ರಸೂತಿತಂತ್ರ_ವೈದ್ಯೆ:

ಎರಡನೆಯದನ್ನು ಮೊದಲು ಹೇಳ್ತೀನಿ. ಗರ್ಭಪಾಲ ರಸದಲ್ಲಿ ಹಿಂಗುಳ, ನಾಗಭಸ್ಮ, ವಂಗಭಸ್ಮ ಇವೆ. ಹಿಂಗುಳ ಪಾದರಸದ್ದು, ನಾಗ ಅಂದ್ರೆ ಸೀಸ, ವಂಗ ಅಂದ್ರೆ ತವರ. ಸೀಸ ಮಾಸು ದಾಟಿ ಮಗುವಿನ ಮಿದುಳಿಗೆ ಹೋಗುತ್ತೆ. ಭಾರತದಿಂದ ತಂದ ಆಯುರ್ವೇದ ಮಾತ್ರೆ ತಿಂದ ಆರು ಗರ್ಭಿಣಿಯರ ರಕ್ತದಲ್ಲಿ ಸೀಸ ಸಿಕ್ಕ ಪ್ರಕರಣಗಳು 2011–12ರಲ್ಲಿ ನ್ಯೂಯಾರ್ಕ್‌ನಲ್ಲಿ ದಾಖಲಾಗಿವೆ. "ರಸ", "ಭಸ್ಮ" ಅಂತ ಹೆಸರಲ್ಲಿರುವ ಯಾವುದನ್ನೂ ಬಸುರಿನಲ್ಲಿ ಮುಟ್ಟಬೇಡಿ. ಇದನ್ನು ಆಯುರ್ವೇದ ಓದಿದವಳಾಗಿಯೇ ಹೇಳ್ತಿದ್ದೀನಿ.

ಹಾಲು ಸೇರದಿದ್ದರೆ ಸುಶ್ರುತರ ದಾರಿ ಇದೆ. ಅರವತ್ತು ದಿನದಲ್ಲಿ ಬರುವ ಷಷ್ಟಿಕ ಅಕ್ಕಿಯ ಅನ್ನವನ್ನು ಮೂರನೇ ತಿಂಗಳು ಹಾಲಿನಲ್ಲಿ, ನಾಲ್ಕನೇ ತಿಂಗಳು ಮೊಸರಿನಲ್ಲಿ ಅಂತ ಒಂದು ಕ್ರಮ ಅಲ್ಲಿದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಹುಳಿಯಾಗದ ಮೊಸರು ಸಾಮಾನ್ಯವಾಗಿ ಒಗ್ಗುತ್ತೆ. ಕ್ಯಾಲ್ಸಿಯಂಗೆ ರಾಗಿ ಅಂಬಲಿ ಇದ್ದೇ ಇದೆ.

ಪರಂಗಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಕಾಲದಲ್ಲಿ ಇಲ್ಲಿಗೆ ಬಂದದ್ದು. ಚರಕರು ಅದನ್ನು ಕಂಡೇ ಇಲ್ಲ, ನಿಷೇಧಿಸೋದು ಎಲ್ಲಿಂದ? ಹಾಗಂತ ಕಾಯಿ, ಅರೆಗಾಯಿ ಬೇಡ, ಅದರ ಹಾಲಿನಲ್ಲಿ ಗರ್ಭಕೋಶ ಸಂಕುಚಿಸುವ ಗುಣವಿದೆ. ಪೂರ್ತಿ ಹಣ್ಣಾದದ್ದು ನಾಲ್ಕು ಹೋಳು ತಿಂದರೆ ಏನೂ ಆಗಲ್ಲ.

ಅಂಗಾತ ಮಲಗಬಾರದು ಅಂತ ಚರಕರು ಹೇಳಿದ್ದು ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಳ್ಳುತ್ತೆ ಅಂತ. ಕಾರಣ ಸರಿಯಲ್ಲ, ಬಳ್ಳಿ ಸುತ್ತೋದು ಮಗುವಿನ ಹೊರಳಾಟದಿಂದ. ಆದರೆ ಮಾತು ಸರಿ. 28 ವಾರದ ನಂತರ ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ಸಿರೆಯ ಮೇಲೆ ಬಿದ್ದು ಮಗುವಿಗೆ ರಕ್ತ ಕಡಿಮೆಯಾಗುತ್ತೆ. ಮಗ್ಗುಲಾಗಿ ಮಲಗಿ, ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಹೊರಳಿಕೊಳ್ಳಿ. ಕುಕ್ಕರಗಾಲು, ಏರುಪೇರಾದ ಆಸನ, ಕುಲುಕಾಡುವ ಗಾಡಿ, ಮಲಮೂತ್ರ ತಡೆಯೋದು, ಇವು ಮೂಲದ ಪಟ್ಟಿಯಲ್ಲೇ ಇವೆ. ಬೆಂಗಳೂರಿನಲ್ಲಿ ಇವುಗಳಲ್ಲಿ ಅಪಾಯದ್ದು ಕೊನೆಯದು. ಎರಡು ಗಂಟೆ ಟ್ರಾಫಿಕ್ಕಲ್ಲಿ ಮೂತ್ರ ಹಿಡಿದುಕೊಂಡರೆ ಸೋಂಕಿಗೆ ದಾರಿ, ಆ ಸೋಂಕು ಮೂತ್ರಪಿಂಡಕ್ಕೆ ಏರಿದರೆ ಅಕಾಲ ಹೆರಿಗೆಗೆ ದಾರಿ.

ಒಂಬತ್ತನೇ ತಿಂಗಳ ಬಸ್ತಿ ಮನೆಯಲ್ಲಿ ಮಾಡುವಂಥದ್ದಲ್ಲ. ಮಾಸು ಕೆಳಗಿದ್ದರೆ, ರಕ್ತ ಅಥವಾ ನೀರು ಕಂಡಿದ್ದರೆ, ಅವಧಿಗೆ ಮುಂಚೆ ನೋವು ಬಂದಿದ್ದರೆ ಆಸ್ಪತ್ರೆಯಲ್ಲೂ ಮಾಡಬಾರದು. ಅದರ ಬದಲು ಹರಳೆಣ್ಣೆ ಕುಡಿಸುವ ರೂಢಿ ಕೆಲವು ಕಡೆ ಇದೆ, ಬೇಡ. ಭೇದಿಯೂ ನೋವೂ ಒಟ್ಟಿಗೆ ಶುರುವಾಗಿ ಸುಸ್ತಾಗಿಬಿಡ್ತಾರೆ.

——

ತಟ್ಟೆಲೆಕ್ಕ (ಡಯಟಿಷಿಯನ್):

ಏಳನೇ ತಿಂಗಳಲ್ಲಿ ಎದೆಯುರಿ ಬಂದಾಗ "ಮಗುವಿಗೆ ಕೂದಲು ಬರ್ತಿದೆ" ಅಂತಾರಲ್ಲ, ಅದಕ್ಕೂ ಗ್ರಂಥದಲ್ಲಿ ಏನೋ ಇತ್ತಲ್ವಾ ಮೇಡಂ?

——

ಪ್ರಸೂತಿತಂತ್ರ_ವೈದ್ಯೆ:

ಇದೆ. ಹೆಂಗಸರು ಹಾಗೆ ಹೇಳ್ತಾರೆ, ಅದು ಹಾಗಲ್ಲ, ಬೆಳೆದ ಗರ್ಭ ದೋಷಗಳನ್ನು (ವಾತ, ಪಿತ್ತ, ಕಫ) ಮೇಲಕ್ಕೆ ಒತ್ತೋದರಿಂದ ಉರಿ, ತುರಿಕೆ ಬರುತ್ತೆ ಅಂತ ಚರಕಸಂಹಿತೆಯಲ್ಲಿ ಪಾಠ ಹೇಳುವ ಗುರು ಆತ್ರೇಯರು ಅಂದೇ ತಿದ್ದಿದ್ದಾರೆ. ಊಟ ಸ್ವಲ್ಪ ಸ್ವಲ್ಪವಾಗಿ, ಜಿಡ್ಡು-ಉಪ್ಪು ಕಡಿಮೆ, ಊಟದ ಮೇಲೆ ನೀರು ಕಡಿಮೆ ಅನ್ನೋದು ಅಲ್ಲಿಯ ಸಲಹೆ, ಎದೆಯುರಿಗೆ ಈಗಲೂ ಕೆಲಸ ಮಾಡುತ್ತೆ. ಹೊಟ್ಟೆಯ ಚರ್ಮ ಕೆರೆಯಬೇಡಿ, ಬೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಸವರಿ. ಆದರೆ ತುರಿಕೆ ಅಂಗೈ, ಅಂಗಾಲಲ್ಲಿದ್ದು, ಗುಳ್ಳೆಯಿಲ್ಲದೆ, ರಾತ್ರಿ ಹೆಚ್ಚಾಗ್ತಿದ್ದರೆ ಎಣ್ಣೆ ಹಚ್ಚುತ್ತಾ ಕೂರಬೇಡಿ, ಮರುದಿನವೇ ಡಾಕ್ಟರ್ ಬಳಿ ಹೋಗಿ ಪಿತ್ತರಸದ ಆಮ್ಲ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ.