ಪದಚರ್ಚೆ: ತುವೋಬಾ ಕುಲದ ‘ಚೀಫ್‌ಟನ್’ಗೆ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ಪ್ರಾಚೀನ ಚೀನಾದ ಬಗ್ಗೆ ಒಂದು ಪ್ರದರ್ಶನ, ಅದರ ಫಲಕಗಳನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ನಾಳೆ ಮಧ್ಯಾಹ್ನ ಮುದ್ರಣಕ್ಕೆ ಹೋಗಬೇಕು. ಚೀನಾದ ಉತ್ತರದ ಹುಲ್ಲುಗಾವಲಿನ ಅಲೆಮಾರಿಗಳಾದ ಶಿಯಾನ್‌ಬೇ ಜನರಲ್ಲಿ ತುವೋಬಾ ಅಂತ ಒಂದು ಕುಲ, 386ರಲ್ಲಿ ಉತ್ತರ ವೇಯ್ ರಾಜ್ಯ ಕಟ್ಟಿದವರು. ಅದಕ್ಕೂ ಹಿಂದಿನ ಲೀವೇಯ್, ಲೂಗುವಾನ್, ಯೀಲು ಎಲ್ಲರಿಗೂ ಮೂಲದಲ್ಲಿ ‘ಚೀಫ್‌ಟನ್’ ಎಂದಿದೆ. ‘ಮುಖಂಡ’ ಹಾಕಿದ್ದೆ, ಓದಿದವರು ವಾರ್ಡ್ ಮಟ್ಟದ ಪಕ್ಷದ ಮುಖಂಡರ ಹಾಗಿದೆ ಎಂದರು. ಜಾಗ ಕಡಿಮೆ, ಒಂದೇ ಪದ ಬೇಕು.
– ಸು.

‘ಪಾಳೇಗಾರ’. ಯೋಚನೆಯೇ ಬೇಡ. ಪಾಳೆಯ ಅಂದರೆ ಬೀಡು, ಡೇರೆ ಹಾಕಿದ ಜಾಗ. ಕುದುರೆ, ದನ, ಕುರಿ ಹೊಡೆದುಕೊಂಡು ಡೇರೆಯಲ್ಲಿ ಬದುಕಿದವರ ಯಜಮಾನನಿಗೆ ಇದಕ್ಕಿಂತ ಒಪ್ಪುವ ಪದ ಎಲ್ಲಿದೆ?
– ರಾ.

ರಾ. ಅವರೆ, ವ್ಯುತ್ಪತ್ತಿ ನಿಮಗೆ ಗೊತ್ತು, ಫಲಕ ಓದುವ ಹುಡುಗನಿಗಲ್ಲ. ಅವನಿಗೆ ಕಾಣುವುದು ಚಿತ್ರದುರ್ಗದ ಕೋಟೆ. ಬೇಡ.
– ವಿ.ಕ.

ನಾಯಕ, ಮುಖಂಡ ಎರಡೂ ಸಕ್ಕದದವು. ಕನ್ನಡದ್ದೇ ಆದ ‘ಮುಂದಾಳು’ ಇರುವಾಗ ಹುಡುಕಾಟ ಏಕೆ? ಚೀನೀ ಬಿರುದುಗಳನ್ನೂ ಹಾಗೇ ತುರುಕಬೇಡಿ, ಕನ್ನಡಿಸಿ.
– ಅಚ್ಚಗನ್ನಡ

ಮೂಲದ ಇಂಗ್ಲಿಷನ್ನು ಬದಿಗಿಡಿ. ಚೀನೀ ಇತಿಹಾಸಗಳು ಈ ಕುಲಗಳ ಯಜಮಾನರನ್ನು ‘ದಾರೆನ್’ ಎನ್ನುತ್ತವೆ. ಅಕ್ಷರಶಃ ದೊಡ್ಡ ಮನುಷ್ಯ, ನಮ್ಮ ‘ಹಿರಿಯ’ನಿಗೆ ಹತ್ತಿರ. ಆದರೆ ಲೀವೇಯ್‌ನದು ಅದಕ್ಕಿಂತ ಮೇಲಿನ ಮೆಟ್ಟಿಲು. 258ರಲ್ಲಿ ಅವನು ಈಗಿನ ಒಳ ಮಂಗೋಲಿಯಾದ ಶಂಗ್ಲೆಗೆ ಬಂದು ನೆಲೆಸಿ ಆಕಾಶಕ್ಕೆ ಬಲಿ ಕೊಟ್ಟ. ಕುಲಕುಲದ ದಾರೆನ್‌ಗಳೂ ಬಂದರು. ಬಾಯ್ ಕುಲದವನೊಬ್ಬ ಮಾತ್ರ ಏನಾಗುತ್ತೋ ನೋಡೋಣ ಅಂತ ಬಾರದೆ ಕೂತ. ಅವನನ್ನು ಕರೆಸಿ ಕೊಲ್ಲಿಸಿದ. ಕೊಂದವನಿಗೂ ಸತ್ತವನಿಗೂ ಒಂದೇ ಪದ ಹಾಕಿದರೆ ಕತೆಯೇ ಹೋಯಿತು. ಕುಲದವರಿಗೆ ‘ಹಿರಿಯ’, ಲೀವೇಯ್‌ಗೆ ‘ದೊರೆ’ ಮಾಡಿ.

‘ಚಕ್ರವರ್ತಿ’ ಮಾತ್ರ ಹಾಕಬೇಡಿ. 398ರಲ್ಲಿ, ಉತ್ತರ ವೇಯ್ ಕಟ್ಟಿದ ತುವೋಬಾ ಗುಯ್ ಸಾಮ್ರಾಟನಾದಾಗ ಸತ್ತುಹೋದ ಪೂರ್ವಿಕರಿಗೆಲ್ಲ ಆ ಪದವಿ ಹಂಚಿದ. ಬದುಕಿದ್ದಾಗ ಯಾರಿಗೂ ಇರಲಿಲ್ಲ.
– ಪ.

ಹಾಗಾದರೆ ‘ಖಗಾನ್’, ಹುಲ್ಲುಗಾವಲಿನವರು ತಮ್ಮ ದೊರೆಗೆ ಹೇಳುವ ಪದ? ತುವೋಬಾ ಪೂರ್ವಿಕರದೆನ್ನುವ ಗಾಶ್ಯಾನ್ ಗುಹೆಯಲ್ಲಿ 1980ರಲ್ಲಿ ಸಿಕ್ಕ 443ರ ಬರಹದಲ್ಲಿ ಪೂರ್ವಿಕರನ್ನು ‘ಕೆಹಾನ್’ ಎಂದೇ ಕರೆದಿದೆ.
– ವಿ.ಕ.

ಬಂತು ನೋಡಿ ಇನ್ನೊಂದು ಎರವಲು! ಆ ತುವೋಬಾದವರ ಗತಿ ಏನಾಯಿತು? 495ರಲ್ಲಿ ಅವರ ದೊರೆಯೇ ಆಸ್ಥಾನದಲ್ಲಿ ತಮ್ಮ ನುಡಿ ಆಡಬಾರದೆಂದ, ಮರುವರ್ಷ ಮನೆತನದ ಹೆಸರನ್ನೇ ‘ಯುವಾನ್’ ಮಾಡಿದ. ಈಗ ಆ ನುಡಿ ಆಡುವವರು ಯಾರಿದ್ದಾರೆ?
– ಅಚ್ಚಗನ್ನಡ

ಆ ನುಡಿಯಲ್ಲಿ ಉಳಿದಿರುವ ನಾಲ್ಕು ಮಾತೂ ಬೇರೆಯವರು ಬರೆದಿಟ್ಟದ್ದರಿಂದ, ಎರವಲು ಪಡೆದದ್ದರಿಂದ ಉಳಿದವು. ‘ಕೆಹಾನ್’ ತುರ್ಕರ, ಮಂಗೋಲರ ಬಾಯಲ್ಲೂ ಇದೆ. ಅಂದಹಾಗೆ ಲೀವೇಯ್ ಮಗ ಶಾಮೋಹಾನ್ ಕತೆ ಓದಿದ್ದೀರಾ? ಒತ್ತೆಯಾಳಾಗಿ ಚೀನೀ ಆಸ್ಥಾನದಲ್ಲಿದ್ದು, ಅವರ ಉಡುಗೆ, ಅವರ ರೀತಿ ಕಲಿತು ಬಂದ. ದಾರಿಯಲ್ಲಿ ಎದುರುಗೊಂಡ ಹಿರಿಯರ ಮುಂದೆ ಬಿಲ್ಲಿನಿಂದ ಗುಂಡು ಹೊಡೆದು ಹಾರುವ ಹಕ್ಕಿ ಬೀಳಿಸಿದ. ಇವನು ದೊರೆಯಾದರೆ ನಮ್ಮ ಹಳೆಯ ನಡೆಯನ್ನೆಲ್ಲ ಬದಲಿಸುತ್ತಾನೆ ಅಂತ ಹೆದರಿದ ಆ ಹಿರಿಯರು ತಂದೆಗೆ ಚಾಡಿ ಹೇಳಿ 277ರಲ್ಲಿ ಅವನನ್ನು ಕೊಲ್ಲಿಸಿದರು. ನಿಮ್ಮ ಕಡೆಯವರೇ ಇರಬೇಕು.
– ಪ.

ವೈಯಕ್ತಿಕ ಟೀಕೆ ಬೇಡ.
– ಅಚ್ಚಗನ್ನಡ

‘ಹಿರಿಯ’, ‘ದೊರೆ’ ಎರಡನ್ನೂ ತೆಗೆದುಕೊಂಡೆ, ಪ. ಅವರಿಗೆ ಧನ್ಯವಾದ. ಯೀಲು ಒಬ್ಬ ಬಾಕಿ: ಆಗ ಚೀನಾ ಆಳುತ್ತಿದ್ದ ಜಿನ್ ರಾಜವಂಶದ ಆಸ್ಥಾನ ಅವನಿಗೆ 310ರಲ್ಲಿ ದಾಯ್ ಪ್ರಾಂತ್ಯದ ಪದವಿ ಕೊಟ್ಟು, 315ರಲ್ಲಿ ಅಲ್ಲಿನ ಅರಸು ಮಾಡಿತಂತೆ. ‘ಸಾಮಂತ’ ಆಗಬಹುದೇ?
– ಸು.

ಕಾಗದದ ಮೇಲೆ ಸಾಮಂತ. ಕುದುರೆ ದಂಡು ಇದ್ದದ್ದು ಅವನ ಹತ್ತಿರ, ನೆರವು ಬೇಕಿದ್ದದ್ದು ಜಿನ್‌ಗೆ. ‘ದಾಯ್ ಅರಸ’ ಸಾಕು.
– ಪ.

ನಾನು ಈಗಲೂ ‘ಪಾಳೇಗಾರ’ ಎನ್ನುವವನೇ.
– ರಾ.