ಸಹಾಯ ಬೇಕು: ಹಾರ್ಡ್‌ಲೈನ್ ಎಂಬ ರಾಕ್ ಬ್ಯಾಂಡ್‌ನ 'ಡಬಲ್ ಎಕ್ಲಿಪ್ಸ್' (1992) ಆಲ್ಬಂನ ಮೊದಲ ಒತ್ತಿನ ಸಿಡಿ ಯಾರ ಹತ್ತಿರ ಇದೆ?

ನೀಲ್ ಶಾನ್ ಗಿಟಾರ್, ಡೀನ್ ಕ್ಯಾಸ್ಟ್ರೊನೊವೊ ಡ್ರಮ್ಸ್, ಜಾನಿ ಜಿಯೊಯೆಲಿ ಗಾಯನ. ಆಗ ಜನಪ್ರಿಯವಾಗಿದ್ದ ಗ್ರಂಜ್ ರಾಕ್ ಶೈಲಿಯ ಅಬ್ಬರದಲ್ಲಿ ಮುಳುಗಿಹೋದ ಈ ಆಲ್ಬಂಗೆ ಸಿಗಬೇಕಾದ ಮನ್ನಣೆ ಸಿಗಲೇ ಇಲ್ಲ.

ಈಗ ನನ್ನ ಬಳಿ ಇರುವ ಪ್ರತಿಯ ಧ್ವನಿ ಅತಿಯಾಗಿ ಏರಿದೆ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದರೆ ಅಲೆಗಳ ತುದಿ ಕತ್ತರಿಸಿದ ಹಾಗೆ ಚಪ್ಪಟೆ. ಸ್ನೇರ್ ಡ್ರಮ್ ಹೊಡೆತಕ್ಕೆ ಜೀವವೇ ಇಲ್ಲ. ಮೂಲ ಮಾಸ್ಟರ್ (ಸಿಡಿ ಒತ್ತಲು ಸಿದ್ಧಪಡಿಸಿದ ಅಂತಿಮ ಧ್ವನಿ) ಜೊತೆ ಹೋಲಿಸಿ ನೋಡಬೇಕು.

ಎಂಸಿಎ ಕಂಪನಿಯ ಸಿಡಿ ಇರುವವರು ದಯವಿಟ್ಟು ಹಿಂಬದಿಯ ಒಳಸುತ್ತಿನಲ್ಲಿ ಕೆತ್ತಿರುವ ಮ್ಯಾಟ್ರಿಕ್ಸ್ ಸಂಖ್ಯೆ ಓದಿ ತಿಳಿಸಿ. ಅಲ್ಲಿ 'ಐಎಫ್‌ಪಿಐ' ಕೋಡ್ (ಸಿಡಿ ತಯಾರಾದ ಕಾರ್ಖಾನೆಯ ಗುರುತು) ಕಂಡರೆ ಅದು 1992ರ ಒತ್ತಲ್ಲ, ಆ ಕೋಡ್ ಶುರುವಾಗಿದ್ದೇ 1994ರ ಸುಮಾರಿಗೆ. ಆಮೇಲೆ ಇಎಸಿ (ಎಕ್ಸಾಕ್ಟ್ ಆಡಿಯೊ ಕಾಪಿ) ತಂತ್ರಾಂಶದಲ್ಲಿ, ತಪ್ಪಿಲ್ಲದೆ ಓದುವ ಸೆಕ್ಯೂರ್ ಮೋಡ್ ಇಟ್ಟು, ಡ್ರೈವ್ ಆಫ್‌ಸೆಟ್ (ಡ್ರೈವ್ ಓದಲು ಶುರು ಮಾಡುವ ಜಾಗದ ಅಲ್ಪ ವ್ಯತ್ಯಾಸ) ಸರಿಪಡಿಸಿ, ಕಂಪ್ಯೂಟರ್‌ಗೆ ರಿಪ್ ಮಾಡಿ. ಹಾಡುಗಳು ಬೇಡ, ರಿಪ್‌ನ ವಿವರ ಇರುವ ಲಾಗ್ ಫೈಲ್ ಸಾಕು. ಅದರಲ್ಲಿ ಸಿಆರ್‌ಸಿ (ಧ್ವನಿ ದತ್ತಾಂಶದಿಂದ ಲೆಕ್ಕ ಹಾಕುವ ತಾಳೆ ಸಂಖ್ಯೆ) ಬೇರೆ ಬಂದರೂ ಪರವಾಗಿಲ್ಲ: ಒಂದೇ ಮಾಸ್ಟರ್‌ನಿಂದ ಬೇರೆ ಬೇರೆ ಕಾರ್ಖಾನೆಗಳಲ್ಲಿ ಒತ್ತಿದ ಸಿಡಿಗಳಲ್ಲಿ ಕೆಲವು ಸ್ಯಾಂಪಲ್ (ಡಿಜಿಟಲ್ ಧ್ವನಿಯ ಅತಿ ಸಣ್ಣ ತುಣುಕು) ಹಿಂದೆಮುಂದೆ ಆಗಿರುತ್ತವೆ. ನೋಡಬೇಕಾದದ್ದು ಹನ್ನೆರಡೂ ಟ್ರ್ಯಾಕ್‌ಗಳ ಪೀಕ್ ಲೆವೆಲ್, ಅಂದರೆ ಧ್ವನಿ ಮುಟ್ಟಿದ ಗರಿಷ್ಠ ಮಟ್ಟ. ಎಲ್ಲವೂ ಒಂದೇ ಅಂಕಿಗೆ ಅಂಟಿಕೊಂಡಿದ್ದರೆ ಲಿಮಿಟರ್ (ಧ್ವನಿಯ ತುದಿಗಳು ಒಂದು ಮಿತಿ ದಾಟದಂತೆ ಅದುಮುವ ಸಾಧನ) ಹಾಕಿರುವ ಸಂಭವ ಹೆಚ್ಚು.

ಜಪಾನ್ ಪ್ರತಿ ಇದ್ದವರೂ ಲಾಗ್ ಹಾಕಿ, ಅದೂ ಬೇಕು.